ಹೊಸ್ತಿಲಾಚೆ ಒಂದು ಜಂಕ್ಷನ್

ನಾನು ಹೇಳುತ್ತಿರುವುದು ಕುಂಬಳೆಯ ಹೆಂಗಸರು ರೈಲಿನ ಕೂಗು ಕೇಳಿ ಒಲೆಗೆ ಅಕ್ಕಿ ಇಡುತ್ತಿದ್ದ ಕಾಲದ ಮಾತು. ಊರಲ್ಲಿ ಗಡಿಯಾರ ಇದ್ದ ಮನೆಗಳು ನಾಲ್ಕೋ ಐದೋ. ಇದ್ದ ಗಡಿಯಾರಗಳೂ ಮಾತು ಬಿಟ್ಟ ನಾದಿನಿಯರ ಹಾಗೆ ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿದ್ದವು. ನಮ್ಮ ಅಪ್ಪನದು ಸ್ಟೇಷನ್ನಿನ ಎದುರಿಗೇ ಚಾ ಹೋಟೆಲು. ಕಲ್ಲಿದ್ದಲ ಹೊಗೆಯೂ ಬಾಣಲೆಯಲ್ಲಿ ಉಬ್ಬುವ ಗೋಳಿಬಜೆಯ ವಾಸನೆಯೂ ಒಟ್ಟಿಗೇ ಮೂಗಿಗೆ ಬರಬೇಕು, ಆಗಲೇ ನನಗೆ ಬೆಳಗಾಯಿತು ಅನ್ನಿಸುತ್ತಿದ್ದುದು. ಈಗ ಗೋಳಿಬಜೆ ತಿನ್ನುವಾಗ ಆ ಹೊಗೆ ಇಲ್ಲದ್ದೇ ಒಂದು ಕೊರತೆ. ಮೊಮ್ಮಕ್ಕಳಿಗೆ ಹೇಳಿದರೆ ನಗುತ್ತಾರೆ.

ನಾನು ಒಂದು ಕಡೆ ಕೂತವಳಲ್ಲ. "ನಮ್ಮ ಗಿರಿಜ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದು" ಎಂದು ಅಮ್ಮ ಗಿರಾಕಿಗಳ ಎದುರಿಗೇ ಹೇಳುತ್ತಿದ್ದಳು. ಜಡೆ ಹೆಣೆಯುವಷ್ಟು ಹೊತ್ತೂ ಕೂರಲಾರದೆ ಅರ್ಧ ಹೆಣೆದ ಕೂದಲಲ್ಲೇ ಓಡಿದ ದಿನಗಳಿವೆ. ಓಡುತ್ತಿದ್ದುದು ಎರಡೇ ಕಡೆಗೆ. ಒಂದು, ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಶೀನನ ಮನೆಗೆ. ಅವನ ತಂದೆ ಬಾಬುಮಾಮ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್, ಗಾಡಿ ಯಾವ ಹಳಿಗೆ ಹೋಗಬೇಕೆಂದು ಸರಳು ಎಳೆದು ದಾರಿ ಮಾಡಿಕೊಡುವವರು. ಇನ್ನೊಂದು, ಅಬ್ಬುವಿನ ತಂದೆ ಇದಿನಬ್ಬಾಕನ ತಗಡಿನ ಅಂಗಡಿಗೆ. ಅಲ್ಲಿ ಚಿಮಿಣಿ ದೀಪ, ಎಣ್ಣೆಯ ಲಾಳಿಕೆ ಮಾಡುತ್ತಿದ್ದರು, ತೂತಾದ ಕೊಡಪಾನಕ್ಕೆ ಬೆಸುಗೆ ಹಾಕುತ್ತಿದ್ದರು. ಶೀನ, ಅಬ್ಬು, ನಾನು ಒಂದೇ ತರಗತಿ. ಮೂವರಿಗೂ ಒಂದೇ ಹುಚ್ಚು, ಅದು ರೈಲಿನ ಹುಚ್ಚು. ಆಟಕ್ಕೆ ಬೆನ್ನ ಹಿಂದೆ ಅಂಗಿ ಹಿಡಿದು "ಚುಕುಬುಕು" ಎಂದು ಓಡುವ ಮಕ್ಕಳನ್ನು ಕಂಡರೆ ನಮಗೆ ಅಸಡ್ಡೆ. ನಾವು ಗಾಡಿ ಕಟ್ಟುವವರು.

ಸಿಗರೇಟಿನ ದುಂಡು ಡಬ್ಬಿಯೇ ಇಂಜಿನಿನ ಹೊಟ್ಟೆ. ಚಕ್ರಕ್ಕೆ ದರ್ಜಿಯಿಂದ ತಂದ ನೂಲಿನ ಮರದ ಉರುಳೆ. ಅದನ್ನು ನಡುವೆ ಕೊಯ್ದರೆ ಒಂದು ಬದಿಗೆ ಮಾತ್ರ ಅಂಚು ಇರುವ ಎರಡು ಚಕ್ರ ಸಿಗುತ್ತಿತ್ತು, ಥೇಟು ರೈಲಿನ ಚಕ್ರವೇ. ಕೊಡೆಯ ಕಡ್ಡಿಯ ಅಚ್ಚು, ಬೆಂಕಿಪೊಟ್ಟಣದ ಡಬ್ಬಿಗಳು, ಅದರಲ್ಲಿ ಪ್ರಯಾಣಿಕರಾಗಿ ಹುಣಸೆಬೀಜಗಳು. ಬೆಸುಗೆಯ ಕೆಲಸ ಅಬ್ಬುವಿನದು. ಡಬ್ಬಿ, ಚಾ ಪೆಟ್ಟಿಗೆಯ ಸಣ್ಣ ಮೊಳೆ, ಎಲ್ಲ ಸಾಮಾನು ಒದಗಿಸುವುದು ನನ್ನದು. ಕಾನೂನು ಶೀನನದು. ಅವನು ಸ್ಟೇಷನ್ ಮಾಸ್ಟರ್, ಅಬ್ಬು ಡ್ರೈವರ್, ನಾನು ಗಾರ್ಡ್. ಹೆಣ್ಣು ಗಾರ್ಡ್ ಎಲ್ಲಿಯಾದರೂ ಉಂಟಾ ಎಂದು ಅಬ್ಬು ಒಮ್ಮೆ ಕೇಳಿದ್ದಕ್ಕೆ ಎರಡು ದಿನ ನಾನು ಮೊಳೆ ಕೊಡಲಿಲ್ಲ. ಆಮೇಲೆ ಕೇಳಲಿಲ್ಲ.

ಆ ವರ್ಷದ ದೊಡ್ಡ ರಜೆಗೆ ಮೊದಲು ಶೀನ ಒಂದು ದೊಡ್ಡ ಯೋಜನೆ ಹಾಕಿದ. ನಾವು ಬರೀ ನೆಲದ ಮೇಲೆ ಗಾಡಿ ಎಳೆಯುವುದು ಸಾಕು, ಹಳಿ ಹಾಕಬೇಕು. ಅಡಿಕೆ ಮರ ಸೀಳಿದ ಸಲಕೆಯ ಹಳಿ, ಅದರಡಿಗೆ ಅಡ್ಡಕ್ಕೆ ತೆಂಗಿನ ಗರಿಬುಡದ ಕೊತ್ತಳಿಗೆಯ ತುಂಡುಗಳ ಅಡಿಮರ. ಅರ್ಧ ಅಬ್ಬು ಅಂಗಡಿಯಲ್ಲಿ ಮಾಡುವುದು, ಅರ್ಧ ನಾನು ಹೋಟೆಲಿನ ಹಿತ್ತಿಲಲ್ಲಿ. ಹಳಿಗಳ ನಡುವಿನ ಅಂತರ ತಪ್ಪಬಾರದೆಂದು ಶೀನ ಒಂದೇ ಉದ್ದದ ಎರಡು ಕಡ್ಡಿ ಕೊಯ್ದು, ಒಂದನ್ನು ಅಬ್ಬುವಿಗೆ, ಒಂದನ್ನು ನನಗೆ ಕೊಟ್ಟ. ಅದಾಗಿ ಮೂರನೆಯ ದಿನ ಜ್ವರ ಬಂದು ಮಲಗಿದ.

ಅದು ವಿಷಮಶೀತ ಜ್ವರ. ಆಗ ಅದಕ್ಕೆ ಮದ್ದಿಗಿಂತ ಪಥ್ಯವೇ ಹೆಚ್ಚು. ಮಕ್ಕಳು ಹೊಸ್ತಿಲು ದಾಟಬಾರದು ಎಂದು ಅವನ ತಾಯಿ ಅಪ್ಪಿಯಕ್ಕ ನಮ್ಮನ್ನು ಜಗಲಿಯಲ್ಲೇ ನಿಲ್ಲಿಸುತ್ತಿದ್ದರು. ಅಲ್ಲಿಂದ ಬಾಗಿಲ ಬಳಿಯ ಮಂಚದಲ್ಲಿ ಬೋಳಿಸಿದ ಒಂದು ತಲೆ ಕಾಣುತ್ತಿತ್ತು. ಅಬ್ಬು ಆ ಜಗಲಿಯಲ್ಲಿ ಗಂಟೆಗಟ್ಟಲೆ ಸುಮ್ಮನೆ ಕೂರುತ್ತಿದ್ದ. ನನಗೆ ಆಗುತ್ತಿರಲಿಲ್ಲ. ಎದ್ದು ಸಿಗ್ನಲ್ ಕಂಬದವರೆಗೆ ಓಡಿ, ಅದನ್ನು ಮುಟ್ಟಿ, ವಾಪಸು ಓಡಿ ಬಂದು "ಹೇಗುಂಟು?" ಎಂದು ಕೇಳುತ್ತಿದ್ದೆ. ಹೋಗಿಬರುವಷ್ಟರಲ್ಲಿ ಗುಣವಾಗಿರಬಹುದು ಎಂಬ ಆಸೆ ನನಗೆ.

ನಾಲ್ಕು ವಾರಕ್ಕೆ ಜ್ವರವೇನೋ ಬಿಟ್ಟಿತು, ಆದರೆ ಶೀನ ಏಳಲಿಲ್ಲ. ಗೋಡೆಯ ಕಡೆಗೆ ತಿರುಗಿ ಮಲಗಿದವನು ಮಾತೂ ಆಡಲಿಲ್ಲ, ಗಂಜಿಯನ್ನೂ ಎರಡು ಚಮಚಕ್ಕೆ ಸಾಕು ಮಾಡುತ್ತಿದ್ದ. ಮಂಗಳೂರಿನಿಂದ ರೈಲಿನಲ್ಲಿ ಬಂದ ಡಾಕ್ಟರು ಬಾಬುಮಾಮನಿಗೆ ಹೇಳಿದ್ದನ್ನು ನಾವು ಜಗಲಿಯಿಂದ ಕೇಳಿದೆವು. ಕಾಲಿನಲ್ಲಿ ಬಲ ಇಲ್ಲ, ಅದು ತಾನಾಗಿ ಬರುವುದಿಲ್ಲ, ಹುಡುಗ ಮನಸ್ಸು ಮಾಡಿ ಏಳಬೇಕು, ಹೀಗೇ ಮಲಗಿದರೆ ಕಾಲು ಹೋದ ಹಾಗೆಯೇ. ಬಾಬುಮಾಮ ಟೊಪ್ಪಿ ಕೈಯಲ್ಲಿ ಹಿಡಿದು ತಲೆ ಆಡಿಸುತ್ತಾ ನಿಂತಿದ್ದರು.

ನಮಗೆ ಗೊತ್ತಿದ್ದ ಮದ್ದು ಒಂದೇ. ಅಬ್ಬು ತನ್ನ ಹಳಿ ತಂದ, ನಾನು ನನ್ನದು ತಂದೆ. ಅಪ್ಪನನ್ನು ಕಾಡಿ ಹೋಟೆಲಿನ ಎರಡು ಬೆಂಚು ಹೊರಿಸಿದೆ. ಹೊಸ್ತಿಲಿನ ಈಚೆಗೆ ಜಗಲಿಯಲ್ಲಿ ಬೆಂಚುಗಳನ್ನು ಉದ್ದಕ್ಕೆ ಜೋಡಿಸಿ, ಎಡಕ್ಕೆ ಅಬ್ಬುವಿನ ಹಳಿ, ಬಲಕ್ಕೆ ನನ್ನ ಹಳಿ, ಮಂಚದಿಂದ ನೋಡುವವನ ಕಣ್ಣಿಗೆ ನೇರ ಬರುವಂತೆ ಇಟ್ಟೆವು. ಇಂಜಿನಿಗೆ ಕಟ್ಟಿದ ದಾರದ ತುದಿಯನ್ನು ಅಪ್ಪಿಯಕ್ಕ ಶೀನನ ಕೈಯಲ್ಲಿಟ್ಟರು. ಬೆರಳು ಮಡಚಲಿಲ್ಲ. ಅಬ್ಬು ಬಾಯಿಯಲ್ಲೇ ಸಿಳ್ಳೆ ಹಾಕಿದ. ಆಗಲೂ ಇಲ್ಲ. ನನಗೆ ತಡೆಯಲಿಲ್ಲ. ಜಗಲಿಯ ಆ ತುದಿಯಿಂದ ಈ ತುದಿಗೆ ನಾಲ್ಕು ಸಲ ಓಡಿದೆ. ಕೊನೆಗೆ ಬೆರಳು ಒಂದಿಷ್ಟು ಅಲುಗಿ ದಾರ ಬಿಗಿಯಿತು. ಗಾಡಿ ಹೊರಟಿತು.

ಅಬ್ಬುವಿನ ಹಳಿಯ ಮೇಲೆ ಬೆಣ್ಣೆಯಂತೆ ಬಂತು. ಬಾಗಿಲ ಎದುರಿಗೆ ನಿಂತಿತು. ಅಲ್ಲಿಂದ ಮುಂದಕ್ಕೆ ನಾನು ಎಳೆಯಬೇಕು. ಎಳೆದೆ. ನನ್ನ ಹಳಿ ಮುಟ್ಟಿದ್ದೇ ತಡ, ಇಂಜಿನು ಹಳಿಯ ಮೇಲೆ ಹತ್ತಿ, ಒಮ್ಮೆ ಓಲಾಡಿ, ನಾಲ್ಕು ಡಬ್ಬಿಗಳನ್ನೂ ಎಳೆದುಕೊಂಡು ಬೆಂಚಿನಿಂದ ಕೆಳಗೆ ಬಿತ್ತು. ಹುಣಸೆಬೀಜಗಳು ಅಂಗಳದ ತುಂಬಾ.

ಕಾರಣ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಬ್ಬು ಕಡ್ಡಿಯನ್ನು ಎರಡು ಹಳಿಗಳ ಒಳಗೆ ಇಟ್ಟು ಅಳೆದಿದ್ದ. ನಾನು ಕಡ್ಡಿಯ ತುದಿಗೆ ಹಳಿಗಳ ಹೊರ ಅಂಚು ಬರುವಂತೆ ಹೊಡೆದಿದ್ದೆ. ಎರಡು ಸಲಕೆಗಳ ದಪ್ಪದಷ್ಟು ನನ್ನ ದಾರಿ ಸಪೂರ. ಕೇಳಿ ಮಾಡಬಹುದಿತ್ತು. ಕೇಳುವಷ್ಟು ವ್ಯವಧಾನ ಯಾರಿಗಿತ್ತು? ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಇದಿನಬ್ಬಾಕ ಆಮೇಲೆ ಹೇಳಿದರು, ಆದರೆ ಅಂದು ನಾನು ಒಪ್ಪಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ವಾದಿಸಿದೆ. ಅಬ್ಬುವಿನ ಹಳಿಯೇ ಅಗಲವಾದದ್ದು ಎಂದೆ. ಅವನು ನನ್ನ ಹಳಿಯ ಒಂದು ಮೊಳೆಗೆ ಇಕ್ಕಳ ಹಾಕಿದ. ನಾನು ಅವನ ಅಂಗಿ ಹಿಡಿದೆ.

"ಕೀಳ್ಬೇಡ ಅಬ್ಬು."

ಸ್ವರ ಒಳಗಿನಿಂದ ಬಂದದ್ದು. ಶೀನ ಗೋಡೆ ಬಿಟ್ಟು ಈ ಕಡೆಗೆ ತಿರುಗಿ ಮೊಣಕೈ ಊರಿದ್ದ. ಅಪ್ಪಿಯಕ್ಕ ಬಾಯಿಗೆ ಸೆರಗು ಒತ್ತಿ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರು.

ಅವನು ನಿಲ್ಲಿಸಿ ನಿಲ್ಲಿಸಿ ಹೇಳಿದ. ಅವನ ತಂದೆ ಹಿಂದೆ ಇದ್ದ ಒಂದು ಊರಿನಲ್ಲಿ ದೊಡ್ಡ ಹಳಿ ಮುಗಿದು ಸಣ್ಣ ಹಳಿ ಶುರುವಾಗುತ್ತಿತ್ತಂತೆ. ಅಲ್ಲಿ ಯಾರೂ ಹಳಿ ಕೀಳುವುದಿಲ್ಲ. ಜನ ಈ ಗಾಡಿಯಿಂದ ಇಳಿದು ಆ ಗಾಡಿ ಹತ್ತುತ್ತಾರೆ. ಅದಕ್ಕೆ ಜಂಕ್ಷನ್ ಎನ್ನುತ್ತಾರೆ. ಗಿರಿಜಳ ಹಳಿಗೆ ಬೇರೆ ಸಪೂರದ ಗಾಡಿ ಮಾಡಿದರಾಯಿತು.

"ಜನರನ್ನು ಇಳಿಸಿ ಹತ್ತಿಸುವವ ಯಾರು ಮಾರಾಯ?" ಎಂದ ಅಬ್ಬು.

"ಸ್ಟೇಷನ್ ಮಾಸ್ಟರ್," ಎಂದ ಶೀನ.

ಅಬ್ಬು ಎರಡು ದಿನದಲ್ಲಿ ಎರಡನೆಯ ಗಾಡಿ ಮಾಡಿ ತಂದ. ಮೊದಲ ದಿನ ಬೆಂಚು ಮಂಚಕ್ಕೆ ಎಷ್ಟು ಹತ್ತಿರ ಇತ್ತೆಂದರೆ ಶೀನ ಒರಗಿದಲ್ಲಿಂದಲೇ ಕೈ ಚಾಚಿ ಹುಣಸೆಬೀಜಗಳನ್ನು ಒಂದೊಂದಾಗಿ ದೊಡ್ಡ ಗಾಡಿಯಿಂದ ಸಣ್ಣ ಗಾಡಿಗೆ ದಾಟಿಸಿದ. ಅಷ್ಟಕ್ಕೇ ಬೆವರಿದ. ಅಂದು ಇಡೀ ಬಟ್ಟಲು ಗಂಜಿ ಕುಡಿದನೆಂದು ಅಪ್ಪಿಯಕ್ಕ ಹೋಟೆಲಿಗೇ ಬಂದು ಅಮ್ಮನಿಗೆ ಹೇಳಿ ಹೋದರು.

ಮರುದಿನ ಶೀನ ಕಣ್ಣು ಮುಚ್ಚಿದ್ದಾಗ ಅಬ್ಬು ಬೆಂಚನ್ನು ಎರಡು ಬೆರಳಷ್ಟು ಆಚೆಗೆ ಸರಿಸಿದ್ದನ್ನು ನಾನು ಕಂಡೆ. ಅದರ ಮರುದಿನ ಮತ್ತೆ ಎರಡು ಬೆರಳು. ನನಗೆ ಕಣ್ಣು ಹೊಡೆದು ಸುಮ್ಮನಿರು ಎಂದ. ಬೆಂಚು ದೂರವಾದ ಹಾಗೆ ಶೀನ ಏಳಲೇಬೇಕಾಯಿತು. ಮೊದಲು ಬೆನ್ನು ನೆಟ್ಟಗೆ ಮಾಡಿ ಕೂತ. ಆಮೇಲೆ ಕಾಲು ಕೆಳಗೆ ಇಳಿಬಿಟ್ಟ. ಒಂದು ದಿನ ಪಾದ ನೆಲಕ್ಕೆ ತಾಗಿತು. ನನಗೆ ಈ ಎರಡೆರಡು ಬೆರಳಿನ ಲೆಕ್ಕ ಹುಚ್ಚು ಹಿಡಿಸುತ್ತಿತ್ತು. ಹೀಗಾದರೆ ಶಾಲೆ ಸುರುವಾಗುವಾಗಲೂ ಇವನು ಮಂಚದಲ್ಲೇ ಎಂದು ಒಂದು ಮಧ್ಯಾಹ್ನ ಅಬ್ಬು ಇಲ್ಲದಾಗ ಬೆಂಚನ್ನು ಗೇಣುದ್ದ ದೂಡಿದೆ. ಶೀನ ಕೈ ಚಾಚಿ, ಎಟಕದೆ, ಮಂಚದಿಂದ ಜಾರಿ ಹೊಸ್ತಿಲಿಗೆ ಹಣೆ ಬಡಿದುಕೊಂಡ. ಎರಡು ದಿನ ಮತ್ತೆ ಗೋಡೆ ನೋಡಿದ. ಅಬ್ಬು ನನಗೆ ಬಯ್ಯಲಿಲ್ಲ. ಬೆಂಚನ್ನು ಮೊದಲಿನ ಜಾಗಕ್ಕೆ ತಂದಿಟ್ಟು ಮತ್ತೆ ಎರಡು ಬೆರಳಿನಿಂದ ಶುರು ಮಾಡಿದ. ಬಯ್ದಿದ್ದರೆ ಒಳ್ಳೆಯದಿತ್ತು.

ಮೇ ತಿಂಗಳು ಮುಗಿಯುವ ಹೊತ್ತಿಗೆ ಶೀನ ಬಾಗಿಲ ಚೌಕಟ್ಟು ಹಿಡಿದು ನಿಲ್ಲತೊಡಗಿದ. ಅಬ್ಬು ಹತ್ತರವರೆಗೆ ಎಣಿಸಿ, ಎಣಿಕೆ ಮುಗಿದ ಮೇಲೆಯೇ ಅವನನ್ನು ಕೂರಲು ಬಿಡುತ್ತಿದ್ದ. ಆ ವಾರವೇ ಬಾಬುಮಾಮನಿಗೆ ವರ್ಗವಾದ ಕಾಗದ ಬಂತು. ಪಾಲ್ಘಾಟಿನ ಆಚೆ ಎಲ್ಲೋ, ಹೆಸರು ನಮ್ಮ ನಾಲಿಗೆಗೆ ಹೊರಳದ ಒಂದು ಊರು. ಮಗನಿಗೆ ಹುಷಾರಿಲ್ಲ ಎಂದು ಕೇಳಿಕೊಂಡದ್ದಕ್ಕೆ ಒಂದು ವಾರ ಹೆಚ್ಚು ಸಿಕ್ಕಿತಷ್ಟೆ.

ಆಗ ಶೀನ ನಮ್ಮಿಬ್ಬರ ಹತ್ತಿರ ಗುಟ್ಟಾಗಿ ಒಂದು ಮಾತು ಹೇಳಿದ. ಹೋಗುವ ದಿನ ಅವನು ಪ್ಲಾಟ್‌ಫಾರ್ಮಿನ ಬೆಂಚಿನಿಂದ ಗಾಡಿಯವರೆಗೆ ನಡೆದೇ ಹೋಗುವವ. ಅಪ್ಪ ಅಮ್ಮನಿಗೆ ಹೇಳುವುದು ಬೇಡ. ಆ ಏಳು ದಿನ ನಾವು ಬೇರೇನೂ ಮಾಡಲಿಲ್ಲ. ಅಬ್ಬು ಪ್ಲಾಟ್‌ಫಾರ್ಮಿಗೆ ಹೋಗಿ ಹೆಜ್ಜೆ ಎಣಿಸಿ ಬಂದ. ದೊಡ್ಡವರ ಹೆಜ್ಜೆಯಲ್ಲಿ ಎಂಟು, ಶೀನನದರಲ್ಲಿ ಹನ್ನೆರಡು. ಅಪ್ಪಿಯಕ್ಕ ಬಾವಿಕಟ್ಟೆಗೆ ಹೋದ ಹೊತ್ತು ನೋಡಿ ಅವನು ಮೊದಲು ಎರಡು ಹೆಜ್ಜೆ ಇಟ್ಟ, ಕೊನೆಯ ದಿನಕ್ಕೆ ಐದು. ಹೊಸ್ತಿಲು ದಾಟಬಾರದೆಂಬ ಕಟ್ಟಳೆ ಆಗ ಸಡಿಲಾಗಿತ್ತು. ಅಬ್ಬು ಅವನ ಎದುರಿಗೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದ, ಮುಟ್ಟುತ್ತಿರಲಿಲ್ಲ. ನಾನು ಉಗುರು ಕಚ್ಚುತ್ತಾ ಕಾವಲು ನಿಲ್ಲುತ್ತಿದ್ದೆ.

ಹೊರಡುವ ಬೆಳಿಗ್ಗೆ ಮಳೆಗಾಲದ ಮೊದಲ ಮೋಡ ಸಮುದ್ರದ ಮೇಲೆ ಕಟ್ಟಿತ್ತು. ಪೆಟ್ಟಿಗೆ, ಹಾಸಿಗೆಯ ಸುರುಳಿ, ಒಂದು ಕೋಳಿ ಬುಟ್ಟಿ. ಶೀನನನ್ನು ಬೆಂಚಿನಲ್ಲಿ ಕೂರಿಸಿದ್ದರು. ಗಾಡಿ ಬಂದು ನಿಂತಿತು. ಅದು ಎರಡೇ ನಿಮಿಷ ನಿಲ್ಲುವ ಗಾಡಿ. ಬಾಬುಮಾಮ ಸಾಮಾನು ಒಳಗೆ ಹಾಕುತ್ತಿದ್ದರು. ಶೀನ ಬೆಂಚಿನ ಕೈ ಹಿಡಿದು ಎದ್ದು ನಿಂತ. ಅಬ್ಬು ಎದುರಿಗೆ ನಿಂತು ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ಶೀನ ಒಂದು ಹೆಜ್ಜೆ ಇಟ್ಟ. ನಿಂತ. ಉಸಿರು ತೆಗೆದ. ಇನ್ನೊಂದು ಇಟ್ಟ. ಮತ್ತೆ ನಿಂತ. ಗಾರ್ಡ್ ಹಸಿರು ಬಾವುಟದ ಸುರುಳಿ ಬಿಚ್ಚುತ್ತಿರುವುದು ನನಗೆ ಕಂಡಿತು, ಅಥವಾ ಕಂಡ ಹಾಗಾಯಿತು.

"ಬಾಬುಮಾಮ, ಗಾಡಿ ಹೊರಟಿತು, ಅವನನ್ನು ಎತ್ತಿಕೊಳ್ಳಿ," ಎಂದು ಕೂಗಿದೆ.

ಬಾಬುಮಾಮ ತಿರುಗಿ ನೋಡಿ, ಓಡಿ ಬಂದು, ಮಗನನ್ನು ಬಾಚಿ ಹೆಗಲಿಗೆ ಹಾಕಿಕೊಂಡರು. "ಇಳಿಸಿ ಅಪ್ಪ, ನಾನು ನಡೀತೇನೆ," ಎಂದು ಶೀನ ಅವರ ಬೆನ್ನಿಗೆ ಗುದ್ದಿದ. "ಇಳಿಯುವಲ್ಲಿ ನಡಿ ಮಗಾ," ಎಂದರು ಅವರು. ಅವನನ್ನು ಕಿಟಕಿಯ ಬಳಿ ಕೂರಿಸಿದರು. ಅವನು ನಮ್ಮ ಕಡೆ ನೋಡಲಿಲ್ಲ.

ಗಾಡಿ ಹೊರಡಲಿಲ್ಲ. ಎದುರಿನಿಂದ ಬರುವ ಗೂಡ್ಸ್ ಗಾಡಿಗೆ ದಾರಿ ಬಿಡಬೇಕೆಂದು ಕಾಲು ಗಂಟೆ ಅಲ್ಲೇ ನಿಂತಿತು. ಹನ್ನೆರಡು ಹೆಜ್ಜೆಯನ್ನು ಹತ್ತು ಸಲ ನಡೆಯುವಷ್ಟು ಹೊತ್ತು. ನಾವಿಬ್ಬರು ಕಿಟಕಿಯ ಕೆಳಗೆ ನಿಂತೇ ಇದ್ದೆವು. ನನ್ನ ಜೀವಮಾನದಲ್ಲಿ ನಾನು ಅಲುಗದೆ ನಿಂತ ಕಾಲು ಗಂಟೆ ಅದೊಂದೇ ಇರಬೇಕು. ಕೊನೆಗೆ ಗಾಡಿ ಅಲುಗಿದಾಗ ಶೀನ ಕಿಟಕಿಯಿಂದ ಕೈ ಹೊರಗೆ ಹಾಕಿದ. ಅಬ್ಬು ಮುಟ್ಟಿದ. ನಾನು ಮುಟ್ಟುವಷ್ಟರಲ್ಲಿ ದೂರವಾಯಿತು.

ಕಾಗದ ಬರಲಿಲ್ಲ. ಬರೆಯಲು ನಮ್ಮಲ್ಲಿ ವಿಳಾಸ ಇರಲಿಲ್ಲ. ಬಾಬುಮಾಮ ಅಲ್ಲಿಂದಲೂ ಬೇರೆ ಕಡೆ ಹೋದರು ಎಂದು ಹೊಸ ಪಾಯಿಂಟ್ಸ್‌ಮನ್ ಹೇಳಿದರು. ಕ್ವಾರ್ಟರ್ಸಿನಲ್ಲೇ ಉಳಿದಿದ್ದ ನಮ್ಮ ಹಳಿಗಳನ್ನು ಅವರ ಹೆಂಡತಿ ಸ್ನಾನದ ಒಲೆಗೆ ಹಾಕಿದರು. ಅದು ಅವರ ತಪ್ಪಲ್ಲ, ಸಲಕೆ ಒಳ್ಳೆ ಒಣಗಿತ್ತು.

ಅಬ್ಬುವೂ ನಾನೂ ಈ ಊರಿನ ಆಸುಪಾಸು ಬಿಡಲಿಲ್ಲ. ತಗಡಿನ ಕಾಲ ಹೋಗಿ ಪ್ಲಾಸ್ಟಿಕ್ ಬಂದ ಮೇಲೆ ಅವನು ಕೊಡೆ, ಸ್ಟವ್ ರಿಪೇರಿ ಮಾಡಿದ. ನಾನು ಮದುವೆಯಾಗಿ ಆರಿಕ್ಕಾಡಿಗೆ ಹೋದೆ, ಮೂರು ಮೈಲು ಆಚೆ. ಪೇಟೆಯಲ್ಲಿ ಎದುರಾದಾಗಲೆಲ್ಲ ಮಕ್ಕಳು ಮರಿ, ಮಂಡಿನೋವು, ಮೀನಿನ ಕ್ರಯ ಎಲ್ಲ ಮಾತಾಡಿ ಮುಗಿದ ಮೇಲೆ ಅವನು ಹೊರಡುವ ಮೊದಲು ಕೇಳುತ್ತಿದ್ದ, "ಶೀನನ ಸುದ್ದಿ ಎಂತಾದರೂ ಉಂಟಾ?" ಇಲ್ಲ ಎನ್ನುತ್ತಿದ್ದೆ. "ನಡೆದಿರ್ತಾನೆ ಮಾರಾಯ್ತಿ. ಇಳಿದ ಕೂಡಲೇ ನಡೆದಿರ್ತಾನೆ," ಎನ್ನುತ್ತಿದ್ದ. ಅವನು ಒಂದು ಸಲವೂ ನನ್ನ ಕೂಗಿನ ಮಾತು ಎತ್ತಲಿಲ್ಲ. ಅರುವತ್ತು ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ಅದನ್ನು ಕೇಳಿದ ದಿನ ನನಗೆ ರಾತ್ರಿ ನಿದ್ದೆ ಬರುತ್ತಿತ್ತು.

ಕುಂಬಳೆಯಲ್ಲಿ ಈಗ ಕಲ್ಲಿದ್ದಲ ಹೊಗೆಯಿಲ್ಲ, ಅಪ್ಪನ ಹೋಟೆಲಿಲ್ಲ, ಎಷ್ಟೋ ಗಾಡಿಗಳು ನಿಲ್ಲದೆಯೇ ಹೋಗುತ್ತವೆ. ಅದಕ್ಕೆಲ್ಲ ನಾನು ದುಃಖಪಡುವುದಿಲ್ಲ. ಅಬ್ಬು ತೀರಿಹೋಗಿ ಮೂರು ವರ್ಷವಾಯಿತು. ಪೇಟೆಗೆ ಹೋದರೆ ಗುರುತಿನವರು ಸಿಗುತ್ತಾರೆ, ಮಂಡಿನೋವು ಕೇಳುತ್ತಾರೆ. ಶೀನ ನಡೆದಿರುತ್ತಾನೆ ಎಂದು ನನಗೆ ಹೇಳುವವರು ಯಾರೂ ಉಳಿದಿಲ್ಲ.