ಸೊಟ್ಟ ಬೆರಳಿನ ಪದ್ಯ

ನಮ್ಮ ಮ್ವಾಂದಿದಾ ಅಕ್ಕನ ಹೆಸರಿಗೆ ‘ನಿಮಗೆ ನನ್ನ ಕಂಡರಾಗಲಿಲ್ಲ’ ಎಂದರ್ಥ. ಗಂಡನ ಕಡೆಯವರ ಮೇಲಿನ ಸಿಟ್ಟಿಗೆ ಅವಳ ತಾಯಿ ಇಟ್ಟ ಹೆಸರು. ಅಂಥ ಹೆಸರು ಹೊತ್ತವಳು ಮಕ್ಕಳ ಪದ್ಯ ಬರೆಯುತ್ತಾಳೆಂದು ದೆಡ್ಜಾ ಗುಡ್ಡದ ಈ ಕಡೆ ಯಾರೂ ಎಣಿಸಿರಲಿಲ್ಲ. ನಮ್ಮ ತಾಯಂದಿರು ಒಡಹುಟ್ಟಿದವರು. ನಾವಿಬ್ಬರೂ ಒಂದೇ ತಟ್ಟೆಯ ನ್ಸಿಮಾ ಮುದ್ದೆ ಮುರಿದು ತಿಂದು ಬೆಳೆದವರು, ಹಾಗಾಗಿ ಪೇಟೆಯ ಪತ್ರಿಕೆಯವರು ಬರೆದದ್ದಕ್ಕಿಂತ ಅವಳ ವಿಷಯ ನನಗೇ ಹೆಚ್ಚು ಗೊತ್ತು.

ಅವಳು ಊರ ಶಾಲೆಯಲ್ಲಿ ಒಂದನೇ ತರಗತಿಯ ಟೀಚರು. ತರಗತಿಗೆ ಸೂರಿರಲಿಲ್ಲ, ಮಾವಿನ ಮರದ ಬುಡವೇ ಗತಿ. ಅಕ್ಷರ ತಲೆಗೆ ಹತ್ತದ ಮಕ್ಕಳಿಗೆಂದು ಅವಳು ಪದ ಕಟ್ಟತೊಡಗಿದಳು. ಕಟ್ಟಿದ್ದನ್ನು ಕೂಡಲೇ ಬರೆದಿಡುತ್ತಿರಲಿಲ್ಲ. ಮಕ್ಕಳಿಗೆ ಬಾಯಲ್ಲಿ ಹೇಳಿ, ಮಾರನೆಯ ದಿನ ಅವರ ನಾಲಿಗೆಯ ಮೇಲೆ ಉಳಿದ ಸಾಲುಗಳನ್ನಷ್ಟೇ ಬರೆದುಕೊಳ್ಳುವಳು. ಮಿಕ್ಕದ್ದೆಲ್ಲ ಕಸ ಎನ್ನುವಳು. ಹಾಗೆ ಎರಡು ಪುಸ್ತಕಗಳಾದವು. ದೊಡ್ಡವರಿಗಾಗಿ ಬರೆದ ಕವನಗಳು ರೇಡಿಯೋದಲ್ಲೂ ಬಂದವು. ಊರಿಗೆ ಊರೇ ಬೀಗಿತು, ನಮ್ಮ ತಾಯಂದಿರ ತಮ್ಮ ಕಲಿಂದೆ ಮಾವನೂ ಬೀಗಿದರು.

ಮೂರನೆಯ ಪುಸ್ತಕಕ್ಕೆ ಕಾರಣ ನನ್ನ ಮಗಳು ಉಲೆಮು. ನಮ್ಮಲ್ಲಿ ಯಾರಾದರೂ ಸತ್ತರೆ ಮಸಣದ ತೋಪಿನಿಂದ ಮುಖವಾಡ ತೊಟ್ಟು, ಮೈಗೆ ಬೂದಿ ಬಳಿದ ವೇಷಗಳು ಕುಣಿಯುತ್ತ ಬರುತ್ತವೆ. ವೇಷ ಎಂದೆ, ನೋಡಿ, ಹಾಗನ್ನುವುದೇ ತಪ್ಪು. ಅವು ಸತ್ತ ಹಿರಿಯರು, ಮನುಷ್ಯರಲ್ಲ. ಗಂಡ ಎಲ್ಲಿಗೆ ಹೋಗಿದ್ದ, ಅವನ ಕಾಲಿಗೆ ಬೂದಿ ಎಲ್ಲಿಂದ ಮೆತ್ತಿತು ಎಂದು ಯಾವ ಹೆಂಡತಿಯೂ ಕೇಳುವುದಿಲ್ಲ. ಕಾಲಿಗೆ ನೀರು ಕೊಟ್ಟು ಸುಮ್ಮನಿರುತ್ತಾಳೆ. ನಮಗೆ ಎಲ್ಲವೂ ಗೊತ್ತು, ಏನೂ ಗೊತ್ತಿಲ್ಲ. ನಾನಿದನ್ನು ಹೇಳುತ್ತಿರುವುದೂ ಅಪರಾಧವೇ, ಯಾರು ಬಂದು ಕೇಳುತ್ತಾರೋ ಕೇಳಲಿ.

ಉಲೆಮು ಅವುಗಳನ್ನು ಕಂಡರೆ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದಳು, ಆಮೇಲೆ ಅನ್ನ ನೀರು ಮುಟ್ಟುತ್ತಿರಲಿಲ್ಲ. ಅಕ್ಕ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಪದ್ಯ ಕಟ್ಟಿದಳು. ಅದರಲ್ಲಿ ಪುಟ್ಟ ಹುಡುಗಿಯೊಬ್ಬಳು ಹೆದರಿ ತಲೆ ತಗ್ಗಿಸುತ್ತಾಳೆ. ಎದುರಿಗೆ ಕುಣಿಯುವ ಕಾಲು ಕಾಣುತ್ತದೆ. ಅದರ ಕಿರುಬೆರಳು ಸೊಟ್ಟ, ಥೇಟ್ ಮನೆಯ ಮಾವನ ಬೆರಳು. ಹುಡುಗಿ ನಗುತ್ತಾಳೆ. ಉಲೆಮುವೂ ನಕ್ಕಳು. ಮುಂದಿನ ಸಾವಿನ ಮನೆಯಲ್ಲಿ ಅಕ್ಕನ ಕೈ ಹಿಡಿದು, ಬರೀ ಕಾಲುಗಳನ್ನೇ ನೋಡುತ್ತ ನಿಂತಿದ್ದಳು. ನನಗೆ ನೆಮ್ಮದಿಯೂ ಆಯಿತು, ಇದು ಯಾರ ಕಿವಿಗೆ ಬೀಳುತ್ತದೋ ಎಂಬ ಭಯವೂ ಆಯಿತು.

ಪದ್ಯ ಅಲ್ಲಿಗೇ ನಿಲ್ಲಬೇಕಿತ್ತು. ಅಕ್ಕ ಅದನ್ನು ಪುಸ್ತಕಕ್ಕೆ ಹಾಕಿದಳು. ನಮ್ಮ ಮನೆತನಕ್ಕೆ ಕಲಿಂದೆ ಮಾವನ ಮಾತೇ ಕೊನೆ. ತೋಪಿನವರ ಯಜಮಾನರೂ ಅವರೇ. ಅವರ ಬೆರಳು ಸೊಟ್ಟ ಎನ್ನುವುದು ಊರ ಕೋಳಿಗಳಿಗೂ ಗೊತ್ತು. ಮಕ್ಕಳು ಅವರ ಹಿಂದೆಯೇ ಆ ಪದ್ಯ ಹಾಡುತ್ತ ಹೋದರೂ ಮಾವ ತುಟಿ ಬಿಚ್ಚಲಿಲ್ಲ. ಬೈದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ.

ಜೋಳದ ಕೊಯ್ಲಿನ ಹೊತ್ತಿಗೆ ಅಕ್ಕನ ತಾಯಿ ತೀರಿಕೊಂಡರು. ತೋಪಿನವರು ಬಂದು ಕಳಿಸಿಕೊಡಬೇಕು, ಡೋಲು ಬಡಿಯಬೇಕು, ಇಲ್ಲದಿದ್ದರೆ ತಾನು ಹಿರಿಯರನ್ನು ಸೇರುವುದಿಲ್ಲ ಎಂದು ಕೊನೆಯ ದಿನಗಳಲ್ಲಿ ಮಗಳಿಂದ ಭಾಷೆ ತೆಗೆದುಕೊಂಡಿದ್ದರು. ಬಿಸಿಲೇರಿತು. ಹೆಣ ಒಳಗೇ ಇತ್ತು. ಗುಂಡಿ ತೋಡುವವರು ಬೇಲಿಯ ಹತ್ತಿರ ಗುದ್ದಲಿ ನೆಲಕ್ಕಿಟ್ಟು ಕೂತಿದ್ದರು, ಮಾವ ಹೇಳುವ ತನಕ ಏಳಲೊಲ್ಲರು. ಹಾಡುತ್ತಿದ್ದ ಹೆಂಗಸರ ಗಂಟಲು ಬಿದ್ದುಹೋಗಿತ್ತು. ಆಗ ಮಾವ ಬಂದು ಅಕ್ಕನ ಎದುರು ಕುಕ್ಕರಗಾಲಲ್ಲಿ ಕೂತರು.

“ನಿನ್ ಪುಸ್ತಕದ ಪ್ರಕಾರ ಬರೋರೆಲ್ಲ ಮನುಷ್ಯರೇ ತಾನೇ? ಹಂಗಾದ್ರೆ ನಿಮ್ಮವ್ವನ್ನ ಕರ್ಕೊಂಡು ಹೋಗೋಕೆ ಹಿರೀಕರು ಯಾಕೆ ಬರ್ತಾರೆ?”

“ಮಗು ಹೆದರ್ಕೊಂಡು ಸಾಯ್ತಿತ್ತು ಮಾವ. ಅದಕ್ಕೆ ಬರ್ದೆ.”

“ನಾನೂ ಹೆದರಿದ್ದೆ, ನೀನೂ ಹೆದರಿದ್ದೆ. ಸತ್ವೇನು?” ಮಾವ ಬಾಗಿಲತ್ತ ಕೈ ತೋರಿಸಿದರು. “ಒಳಗೆ ಮಲಗಿರೋಳು ನನ್ನಕ್ಕ ಕಣೇ. ಅವಳನ್ನ ಹಂಗೇ ಹೂಳೋಕೆ ನಂಗೇನು ಆಸೇನಾ? ಆದ್ರೆ ಆ ಮಾತು ನೀನೇ ನುಂಗ್ಬೇಕು. ದೊಡ್ಡೋರ ಮುಂದೆ ಅಲ್ಲ, ಆ ಮಕ್ಕಳ ಮುಂದೆ.”

ನನಗೆ ಮೈಯೆಲ್ಲ ಉರಿಯಿತು. ಚರ್ಚಿನವರನ್ನು ಕರೆಸಿ ಹೂಳಿಸೋಣ, ಇವರ ಹಂಗು ಬೇಡ ಎಂದೆ. ಅಕ್ಕ ಒಳಗೆ ಹೋಗಿ ತಾಯಿಯ ಪಕ್ಕ ಕೂತಳು. ಅವಳು ಎದ್ದು ಬಂದಾಗ ಮುಖ ನೋಡಿದೆ, ಏನು ಮಾಡುತ್ತಾಳೆಂದು ತಿಳಿಯಿತು.

ಶಾಲೆಯ ಮಕ್ಕಳನ್ನೆಲ್ಲ ಅಂಗಳಕ್ಕೆ ಕರೆತಂದರು. ಅಕ್ಕ ಅವರ ಮುಂದೆ ನಿಂತು, ಆ ಪದ್ಯ ತನ್ನ ಸ್ವಂತ ಕಲ್ಪನೆ, ತಾನು ಯಾವ ಕಾಲನ್ನೂ ನೋಡಿಲ್ಲ, ತೋಪಿನಿಂದ ಬರುವವರು ಮನುಷ್ಯರಲ್ಲ ಎಂದಳು. ದನಿ ಗಟ್ಟಿಯಾಗಿಯೇ ಇತ್ತು. ಗುಂಡಿ ತೋಡುವವರು ಗುದ್ದಲಿಗೆ ಕೈಹಾಕಿದರು.

ಉಲೆಮು ನನ್ನ ಕೈ ಕೊಸರಿಕೊಂಡು ಅವಳ ಬಳಿಗೆ ಹೋದಳು. “ದೊಡ್ಡಮ್ಮ, ಆವತ್ತು ನಂಗೆ ಹೇಳಿದ್ದು ಸುಳ್ಳಾ, ಇವತ್ತು ಹೇಳ್ತಿರೋದು ಸುಳ್ಳಾ?”

ಗುದ್ದಲಿಗಳು ಅಲ್ಲಲ್ಲೇ ನಿಂತವು. ಮಾವ ನೆಲ ನೋಡುತ್ತಿದ್ದರು. ಅಕ್ಕ ಮಂಡಿಯೂರಿ ಉಲೆಮುವಿನ ಎರಡೂ ಕೈ ಹಿಡಿದುಕೊಂಡಳು.

“ಆವತ್ತು ಹೇಳಿದ್ದೇ ಸುಳ್ಳು ಮಗಾ.”

ಉಲೆಮು ಕೈ ಬಿಡಿಸಿಕೊಂಡಳು.

ಅಕ್ಕನ ತಾಯಿಗೆ ಒಂದು ಕೊರತೆಯೂ ಆಗಲಿಲ್ಲ. ಡೋಲು ಮೊಳಗಿದವು, ತೋಪಿನಿಂದ ಎಲ್ಲರೂ ಬಂದರು, ಧೂಳೆಬ್ಬಿಸಿ ಕುಣಿದು ಅವರನ್ನು ಕರೆದೊಯ್ದರು. ಅಕ್ಕ ಆಮೇಲೂ ದೊಡ್ಡವರಿಗೆ ಕವನ ಬರೆದಳು, ಪೇಟೆಯವರು ಕರೆಸಿ ಚಪ್ಪಾಳೆ ತಟ್ಟಿದರು. ಮಕ್ಕಳಿಗೆ ಮತ್ತೆ ಒಂದು ಸಾಲೂ ಕಟ್ಟಲಿಲ್ಲ. ಡೋಲಿನ ಸದ್ದು ಕೇಳಿದರೆ ಉಲೆಮು ಈಗಲೂ ಓಡಿ ಬಂದು ನನ್ನ ಬಟ್ಟೆಯೊಳಗೆ ಮುಖ ಮುಚ್ಚಿಕೊಳ್ಳುತ್ತಾಳೆ. ಪಕ್ಕದಲ್ಲೇ ಅಕ್ಕ ಕೈ ಚಾಚಿರುತ್ತಾಳೆ, ಮಗು ಅವಳತ್ತ ಹೋಗುವುದಿಲ್ಲ.