ಅವ್ವನ ಓಲೆಗೆ ಕೂರಿಸಿದ ಚಿನ್ನ

ನಾನು ಓದಿದ್ದು ಮೂರನೆಯ ತರಗತಿ. ಫ್ರಾನ್ಸ್ ಎಲ್ಲಿದೆ ಎಂದು ಇಂದಿಗೂ ಸರಿಯಾಗಿ ತಿಳಿಯದು. ಆದರೂ ಆ ದೇಶದ ಹೆಸರು ಕೇಳಿದರೆ ಅಣ್ಣನ ಮುಖ ನೆನಪಾಗಿ ತಲೆತಗ್ಗಿಸುತ್ತೇನೆ.

ಲಷ್ಕರ್ ಮೊಹಲ್ಲಾದ ನಮ್ಮ ಮನೆಯಲ್ಲಿ ದೇವರ ಪಟ ಬರೆಯುವುದೇ ಕಸುಬು. ಅಣ್ಣ ಬರೆದು ಬಣ್ಣ ತುಂಬುತ್ತಿದ್ದ. ಕಿರೀಟ, ಒಡವೆ, ಸೀರೆಯಂಚಿನ ಮೇಲೆ ಬಿಳಿಪುಡಿಗೆ ಅಂಟು ಕಲಸಿದ ಮಕ್ಕನ್ನು ಉಬ್ಬಾಗಿ ಹಚ್ಚಿ, ಚಿನ್ನದ ತೆಳು ರೇಕು ಕೂರಿಸುವುದು ತಂಗಿಯಾದ ನನ್ನ ಪಾಲಿನ ಕೆಲಸ.

ಸ್ವಾತಂತ್ರ್ಯ ಬಂದ ಮೇಲೆ ಊರು ಬಿಟ್ಟ ಯಾರೋ ಇಂಗ್ಲಿಷ್ ದೊರೆಯ ಪುಸ್ತಕವೊಂದು ಹಳೇ ಸಾಮಾನಿನ ಅಂಗಡಿಯಲ್ಲಿ ಅಣ್ಣನಿಗೆ ಸಿಕ್ಕಿತು. ಅದರಲ್ಲಿ ಇನ್ನೂರು ವರ್ಷ ಹಿಂದಿನ ಒಂದು ಚಿತ್ರ. ಚಹಾದ ತಟ್ಟೆ ಹಿಡಿದ ಹುಡುಗಿಯೊಬ್ಬಳು ಏನೋ ನೆನೆದು ನಸುನಗುತ್ತಿದ್ದಳು.

"ಇಂಗ್ಲೆಂಡಿನೋರೂ ನಮ್ ದೇವ್ರಂಗೇ ಬಿಗಿಯಾಗಿ ನಿಂತು ಬರೆಸ್ಕೋತಿದ್ರಂತೆ ಕಣವ್ವ. ಈ ಚಿತ್ರ ಬರ್ದೋನು ಫ್ರಾನ್ಸಿನ ರುಚಿ ತಂದು ಅವ್ರನ್ನ ಆರಾಮಾಗಿ ಕೂರಿಸ್ಬುಟ್ಟ," ಎಂದ ಅಣ್ಣ.

"ನೀನು ನಮ್ ದೇವ್ರನ್ನೂ ಕೂರಿಸ್ಬುಡ್ತೀಯಾ?" ಎಂದು ರೇಗಿಸಿದೆ.

"ದೇವ್ರು ನಿಂತಿರ್ಲಿ ಬುಡು. ಅವ್ವನ್ನ ಕೂರಿಸ್ತೀನಿ."

ಕೂರಿಸಿದ. ಜಗುಲಿಯ ಕಂಬಕ್ಕೊರಗಿ, ಕಾಲು ಚಾಚಿ, ಮೊರದ ಅಕ್ಕಿ ಮರೆತು ಬೀದಿ ನೋಡುತ್ತಿರುವ ಅವ್ವ. ಬರಿಗಿವಿ, ಮಾಸಿದ ಸೀರೆ. ದಸರಾ ವಸ್ತುಪ್ರದರ್ಶನಕ್ಕೆ ಇದನ್ನೇ ಕೊಡುತ್ತೇನೆ, ಜನ ಮೆಚ್ಚಿದರೆ ಇನ್ನು ಮನುಷ್ಯರನ್ನೇ ಬರೆಯುತ್ತೇನೆ ಎಂದ. ಅವನು ಅಷ್ಟು ಆಸೆಪಟ್ಟದ್ದನ್ನು ನಾನು ಕಂಡಿರಲಿಲ್ಲ.

ಅವನು ನಂಟರ ಮದುವೆಗೆ ಹೋದಾಗ ಮಕ್ಕು ಕಲಸಿದೆ. ಅವ್ವನ ಕಿವಿಗೆ ಓಲೆ, ಕೊರಳಿಗೆ ಅಡ್ಡಿಕೆ, ಸೀರೆಗೆ ಅಂಚು, ಎಲ್ಲಕ್ಕೂ ರೇಕು ಕೂರಿಸಿದೆ. ಬರಿಗಿವಿಯ ಅವ್ವನನ್ನು ಊರೆಲ್ಲ ನೋಡಬಾರದೆಂದು ಮಾಡಿದೆ ಎಂದು ಆಮೇಲೆ ಹೇಳಿಕೊಂಡೆ. ಅದು ಅರ್ಧ ನಿಜ. ಚಿನ್ನವಿಲ್ಲದ ಆ ಪಟದಲ್ಲಿ ನನಗೆ ಕೆಲಸವೇ ಇರಲಿಲ್ಲ. ಅದನ್ನು ಸಹಿಸಲಾಗಲಿಲ್ಲ.

ಅಣ್ಣ ಬಂದು ನೋಡಿದ. ಬೈಯಲಿಲ್ಲ.

"ಅವ್ವ ಎದ್ದು ನಿಂತ್ಬುಟ್ಲಲ್ಲವ್ವ," ಎಂದಷ್ಟೇ ಅಂದ.

ಬೇರೆ ಬರೆಯಲು ಹೊತ್ತಿರಲಿಲ್ಲ; ಅದನ್ನೇ ಕೊಟ್ಟ. ಪ್ರದರ್ಶನದಲ್ಲಿ ಒಬ್ಬ ಹೆಂಗಸು ಪಟದ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದಳು. "ಇದ್ಯಾವ ಊರಿನ ಅಮ್ಮನೋರು ಕಣ್ರೀ?" ಎಂದು ಅಣ್ಣನನ್ನೇ ಕೇಳಿದಳು.

"ನಮ್ಮನೆ ಅಮ್ಮನೋರು ಕಣಮ್ಮ," ಎಂದು ಅವನು ನಕ್ಕ. ನಾನು ಪಕ್ಕದಲ್ಲೇ ನಿಂತಿದ್ದೆ.

ಮತ್ತೆ ಅವನು ಮನುಷ್ಯರನ್ನು ಬರೆಯಲಿಲ್ಲ. ಕೊನೆಯವರೆಗೂ ದೇವರ ಪಟ ಬರೆದು, ಚಿನ್ನದ ಜಾಗ ಖಾಲಿ ಬಿಟ್ಟು ನನ್ನ ಕಡೆ ಸರಿಸುತ್ತಿದ್ದ.

ಅವನು ತೀರಿಕೊಂಡ ಮೇಲೆ ಅವ್ವನ ಓಲೆಯನ್ನು ಉಗುರಿನಿಂದ ಎಬ್ಬಿಸಲು ನೋಡಿದೆ. ಚಿನ್ನದ ಜೊತೆ ಅವನು ಬರೆದ ಕಿವಿಯೂ ಚೂರು ಕಿತ್ತು ಬಂತು. ಅಲ್ಲಿಗೇ ಕೈಬಿಟ್ಟೆ.