ಸೈಕಲ್ ಟ್ಯೂಬು ಸುತ್ತಿದ ಹಿಡಿ

ಗರಗಸದ ಹಿಡಿಗೆ ಸುತ್ತಿದ್ದ ಸೈಕಲ್ ಟ್ಯೂಬಿನ ಮೇಲೆ ಮೂರೇ ಬೆರಳುಗಳಿಂದ ಸವೆದ ಗುರುತಿತ್ತು. ಅದನ್ನು ಕಿತ್ತು ಹೊಸ ರಬ್ಬರ್ ಗ್ರಿಪ್ಪು ಹಾಕಲೆಂದು ನಾನು ಬ್ಲೇಡಿನಿಂದ ಒಂದು ತುದಿಯನ್ನು ಆಗಲೇ ಬಿಡಿಸಿದ್ದೆ. ಮರ ಕೊಯ್ಯುವ ಹಳೆಯ ಚೈನ್ ಗರಗಸಗಳನ್ನು ಕೊಂಡು, ರಿಪೇರಿ ಮಾಡಿ ಇಟ್ಟುಕೊಳ್ಳುವುದು ನನ್ನ ಹವ್ಯಾಸ. ಇದು ತಿ. ನರಸೀಪುರದ ಗುಜರಿ ಅಂಗಡಿಯಲ್ಲಿ ಸಿಕ್ಕಿತ್ತು.

ಅಷ್ಟರಲ್ಲಿ ನಂಜನಗೂಡಿನ ನಮ್ಮ ಮನೆಯ ಗೇಟಿನ ಬಳಿ ಒಬ್ಬ ತಾತ, ಅಜ್ಜಿ ಬಂದು ನಿಂತರು. ಗುಜರಿಯವನು ಬರೆದುಕೊಟ್ಟ ವಿಳಾಸದ ಚೀಟಿ ತಾತನ ಕೈಯಲ್ಲಿತ್ತು. ಆ ಕೈಗೆ ತೋರುಬೆರಳಿರಲಿಲ್ಲ.

"ಬೆರಳು ತಿಂದ ಸವತಿ ಕಣವ್ವ ಇದು. ಮಾರಿದ್ಮೇಲೂ ಮರೆಯಕ್ಕಾಗ್ದೆ ನಮ್ಮ ಯಜಮಾನ್ರು ನನ್ನೂ ಎಳ್ಕಂಡು ಬಂದವ್ರೆ," ಎಂದು ಅಜ್ಜಿ ಅಂಗಳದಲ್ಲಿದ್ದ ಗರಗಸ ತೋರಿಸಿ ನಕ್ಕರು.

ತಾತ ಒಳಗೆ ಬಂದು ಹಿಡಿಯ ಮೇಲೆ ಕೈಯಿಟ್ಟರು. ಮೂರು ಬೆರಳುಗಳೂ ಆ ಗುರುತುಗಳಲ್ಲಿ ಸರಿಯಾಗಿ ಕೂತವು. ನಾನು ಬಿಡಿಸಿದ್ದ ತುದಿಯನ್ನು ನೋಡಿ, "ಕಿತ್ತಾಕ್ಬುಡಿ, ಅಳೇದು. ಒಸಾದು ಆಕುದ್ರೆ ಚೆಂದಾಗಿ ಕಾಣ್ತದೆ," ಎಂದರು. ಕೈಯನ್ನು ಮಾತ್ರ ತೆಗೆಯಲಿಲ್ಲ.

ಅಜ್ಜಿಯ ನಗು ನಿಂತಿತು. ಬಿಚ್ಚಿದ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ನನ್ನ ಕಡೆ ನೋಡದೆ, "ಬೆರಳು ತುಂಡಾದ್ಮೇಲೆ ಕೈ ಜಾರ್ಬಾರ್ದು ಅಂತ ನಾನೇ ಸುತ್ಕೊಟ್ಟಿದ್ದು," ಎಂದರು.

ಇಬ್ಬರಿಗೂ ಕಾಫಿ ಕೊಟ್ಟು ಕಳಿಸಿದೆ. ಮರುದಿನ ಬೆಳಿಗ್ಗೆ ಹೊಸ ಗ್ರಿಪ್ಪನ್ನು ಮತ್ತೆ ಪ್ಯಾಕೆಟ್ಟಿಗೆ ಹಾಕಿಟ್ಟು, ಬಿಡಿಸಿದ್ದ ತುದಿಯನ್ನು ಅಜ್ಜಿ ಸುತ್ತಿದ್ದ ದಿಕ್ಕಿನಲ್ಲೇ ಸುತ್ತಿ, ಬಿಗಿಯಾಗಿ ಕಟ್ಟಿದೆ.